ಕದ್ದ ನೀರು

ಮಂಚಯ್ಯ, ಅರವತ್ತೆಂಟು, ಎಡಗಾಲು.
ನೂರು ಹೆಜ್ಜೆಗೆ ಮೀನಖಂಡ ಹಿಡಿಯುತ್ತದೆ,
ನಿಂತರೆ ಬಿಡುತ್ತದೆ.
ಚೀಟಿಯಲ್ಲಿದ್ದದ್ದು ಇಷ್ಟು.
ಉಳಿದದ್ದು, ನಾನು ಸೂಜಿ ಚುಚ್ಚುವಾಗ ಅವರೇ ಹೇಳಿದ್ದು:
ಕೊತ್ತತ್ತಿ ಕಡೆಯ ಕವಲು ನಾಲೆಗೆ
ಮೂವತ್ತೊಂದು ವರ್ಷ ನೀರುಗಂಟಿ,
ಯಾರ ಗದ್ದೆಗೆ ಎಷ್ಟು ಹೊತ್ತು ಎಂದು
ಗಡಿಯಾರವಿಲ್ಲದೆ ಬಲ್ಲವರು.

ಯಂತ್ರದ ಬಾಯಿ ನೋಡಿ
‘ಹುಲಿಕೆರೆ ಸುರಂಗದಷ್ಟು ಉದ್ದ ಇಲ್ಲ ಬುಡವ್ವ’ ಅಂದರು.
ಅಲ್ಲಾಡಬೇಡಿ ತಾತ. ಔಷಧಿ ಹೋಗುವಾಗ
ಮೈಯೆಲ್ಲ ಬಿಸಿಯಾಗುತ್ತೆ,
ಪಂಚೆಯಲ್ಲೇ ಉಚ್ಚೆ ಹೋಯಿತು ಅನ್ನಿಸುತ್ತೆ,
ಹೋಗಿರಲ್ಲ.

ಗಾಜಿನ ಈಚೆ ಬಂದು ಗುಂಡಿ ಒತ್ತಿದೆ.
ಹೊಟ್ಟೆಯಿಂದ ಹೆಬ್ಬೆರಳವರೆಗೆ ಅರ್ಧ ನಿಮಿಷ.

ಮೊದಲು ಬರುವುದು ಬರೀ ಬೂದು ಬಿಲ್ಲೆ,
ಬಾಳೆದಿಂಡು ತೆಳ್ಳಗೆ ಹೆಚ್ಚಿದಂತೆ, ಸಾವಿರಕ್ಕೂ ಮೇಲೆ.
ಒಂದರ ಮೇಲೊಂದು ಪೇರಿಸಿ
ಮಾಂಸ ತೆಗೆ, ಮೂಳೆ ತೆಗೆ ಎಂದರೆ
ಕತ್ತಲಲ್ಲಿ ನೆತ್ತರ ದಾರಿಯೊಂದೇ ನಿಲ್ಲುತ್ತದೆ,
ಯಾರ ಕಾಲೂ ಅಲ್ಲವೆಂಬಂತೆ.
ತಿರುಗಿಸಿದರೆ ತಿರುಗುತ್ತದೆ.
ಎಂಟು ವರ್ಷವಾಯಿತು ಈ ಕೆಲಸಕ್ಕೆ,
ಉಸಿರು ಹಿಡಿಯಿರಿ ಎಂದು ಊರಿಗೆಲ್ಲ ಹೇಳುವವಳು
ಇಲ್ಲಿಗೆ ಬಂದಾಗ ನಾನೂ ಹಿಡಿಯುತ್ತೇನೆ.

ಮಂಡಿಗೆ ನಾಲ್ಕು ಬೆರಳು ಮೇಲೆ
ದಾರಿ ಇಲ್ಲ.
ಅರ್ಧ ಗೇಣು ಕಪ್ಪು.
ಆಚೆಗೆ ಮತ್ತೆ ಶುರು, ಸಣ್ಣಗೆ.

ವರದಿ ಬರೆಯುವುದು ಡಾಕ್ಟರು, ನಾನು ಹೇಳುವಂತಿಲ್ಲ.
ಆದರೆ ಅಂಗಿ ಗುಂಡಿ ಹಾಕುತ್ತ ಬಾಗಿಲಲ್ಲಿ ನಿಂತವರು
ತೆರೆ ನೋಡಿಬಿಟ್ಟರು.
‘ಇದ್ಯಾಕವ್ವ ನಮ್ಮ ನಾಲೆ ನಕ್ಷೆ ಇಟ್ಕಂಡಿದ್ದೀಯ?’
ಆಮೇಲೆ ಅವರಿಗೇ ತಿಳಿಯಿತು.
‘ಅಲ್ಲಿ ತೂಬು ಮುಚ್ಚದೆ.
ಮತ್ತೆ ಕೆಳಕ್ಕೆ ನೀರು ಹೆಂಗೆ ಬಂತು?’

ತೋರಿಸಿದೆ. ಪಕ್ಕದಲ್ಲಿ ಎಳೆ ಎಳೆಯಾಗಿ
ಸುತ್ತಿ ಬಳಸಿ ಇಳಿದ ಕೂದಲಿನಂಥ ಕವಲುಗಳು,
ಯಾವ ಪುಸ್ತಕದಲ್ಲೂ ಹೆಸರಿಲ್ಲದವು.

ಬಹಳ ಹೊತ್ತು ನೋಡಿದರು.
‘ರಾತ್ರಿ ಏರಿ ಒಡೆದು ತಿರುಗಿಸ್ಕಂಡವು ಇವು.
ಇದಕ್ಕೇ ಎಷ್ಟು ಜನರ ಗುದ್ದಲಿ ಕಿತ್ಕಂಡಿವ್ನಿ ನಾನು.’
ಬಗ್ಗಿ ತಮ್ಮ ಕಾಲನ್ನೊಮ್ಮೆ ಮುಟ್ಟಿದರು,
ಅದು ಬೇರೆ ಯಾರದೋ ಎಂಬಂತೆ.
‘ಡಾಕ್ಟರು ಇವನ್ನ ಮುಚ್ಚುಸ್ಬುಟ್ಟಾರಾ?’
ಇಲ್ಲ ತಾತ. ಇವನ್ನ ಯಾರೂ ಮುಟ್ಟಲ್ಲ.

ಮುಂದಿನ ಹೆಸರು ಕೂಗಲು ಹೊರಗೆ ಬಂದರೆ
ಮಂಡ್ಯದ ಮಧ್ಯಾಹ್ನದ ಬೆಳಕು, ಉದ್ದ ಕಾರಿಡಾರು,
ಅದರ ನಡುಮಧ್ಯೆ ಗೋಡೆಗೆ ಕೈಕೊಟ್ಟು
ಮಂಚಯ್ಯ ನಿಂತಿದ್ದಾರೆ,
ತನ್ನ ಸರದಿಯ ನೀರಿಗೆ ಕಾಯುತ್ತ
ಬದುವಿನ ಮೇಲೆ ನಿಂತವರ ಹಾಗೆ.