ಗಂಟಿ

ಮಾಪ್ಸಾ ಮಾರ್ಕೆಟ್ಟಿನಾಗ ಒಣಮೀನಿನ ಸಾಲು ಮುಗದು
ಬಾಳಿಹಣ್ಣು ಸುರುವಾಗೂ ನಡುವ
ಎರಡು ಗೋಣಿಚೀಲದಷ್ಟು ಜಾಗ ನಂದು.
ಹದಿನಾಲ್ಕು ವರ್ಷಾತು. ಹೆಸರು ಲಗಮವ್ವ.
ಆ ಹೆಸರು ಇಲ್ಲಿ ಯಾರಿಗೂ ಬೇಕಾಗಿಲ್ಲ.

ಬೆಳಗಾವಿ ಲಾರಿ ಚೋರ್ಲಾ ಘಾಟ ಇಳದು
ಇನ್ನೂ ಕತ್ತಲಿದ್ದಾಗ ಬರತೈತಿ.
ಕೊತ್ತಂಬರಿ ಸಿವುಡು ಬಿಚ್ಚಿ ನೀರು ಚಿಮುಕಿಸಿ
ನನ್ನ ಮಾರಿಗೂ ಒಂದೀಟು ಚಿಮುಕಿಸಿಕೊಂಡು ಕುಂದರತೀನಿ.
ಇಬ್ಬರೂ ತಾಜಾ ಕಾಣಬೇಕಲ್ಲ, ಗಿರಾಕಿಗೆ.

ಘಾಟ ಇಳದು ಬಂದವರಿಗೆ ಇಲ್ಲಿ 'ಘಾಂಟಿ' ಅಂತಾರ.
ಅನ್ನೂವಾಗ ಮೂಗು ತುಸು ಮ್ಯಾಲ ಹೋಗತೈತಿ.
ನಾ ಮೊದಲ ಸಲ ಬಂದದ್ದು ಅದ ಲಾರಿಯೊಳಗ,
ಮೆಣಸಿನಕಾಯಿ ಚೀಲದ ಮ್ಯಾಲ ಕುಂತು.
ಮೆಣಸಿನಕಾಯಿಗೆ ಯಾರೂ ಏನೂ ಅನ್ನಲಿಲ್ಲ.
ಘಾಟು ಐತೇನು ಅಂತ ಕೇಳಿ, ಮುರದು, ಮೂಸಿ,
ಮರ್ಯಾದಿಲೆ ಮನಿಗೆ ಕರಕೊಂಡು ಹೋದರು.

ಶುಕ್ರವಾರಕ್ಕೊಮ್ಮೆ ಎಸ್ಮೆರಾಲ್ಡಾ ಬಾಯಿ ಬರತಾಳ, ಬಿಳೇ ಛತ್ರಿ ಹಿಡಕೊಂಡು.
ರೊಕ್ಕ ಕೈಯಾಗ ಕೊಡಂಗಿಲ್ಲ, ಒಗೀತಾಳ.
ಒಮ್ಮೆ ಮೆಂತೆದಾಗ ಬೀಳತೈತಿ, ಒಮ್ಮೆ ಗಟಾರದಾಗ.
ಗಟಾರದಾಗ ಬಿದ್ದರ ನಾ ಎದ್ದು ಬಗ್ಗಿ ತಗಿಯೂತನಾ
ನಿಂತು ನೋಡತಾಳ.

ಮೊದಮೊದಲ ಆ ಮಾತು ಮನಿಗೆ ಒಯ್ತಿದ್ದೆ,
ಮಾರದ ಉಳದ ಪಲ್ಯಾದ ಗತೆ.
ರಾತ್ರಿ ನೀರು ಚಿಮುಕಿಸಿ, ಹಸಿ ಅರಬಿ ಮುಚ್ಚಿ ಇಡತಿದ್ದೆ.
ಮುಂಜಾನೆ ನೋಡಿದರ ತಾಜಾನ ಇರತಿತ್ತು.
ಇಷ್ಟು ಚಂದ ಜ್ವಾಪಾನ ಮಾಡಿದಾಕಿ ನಾನ.

ಪಾವ ಮಾರೂ ರುಜಾರಿ, ಇದ ಊರಿನ ಮುದುಕ, ಒಂದಿನ ಅಂದ:
'ನನಗೂ ಒಗೀತಾಳ. ನನಗ ಘಾಂಟಿ ಅನ್ನಾಕ ಬರಂಗಿಲ್ಲ ನೋಡು,
ಅದಕ್ಕ ಕುಂಟ ಅಂತಾಳ.'
ಅರ್ಧ ಪಾವ ಮುರದು ತನ್ನ ಚಹಾದ ಕಪ್ಪಿನ ಜೋಡಿ ಮುಂದ ಸರಿಸಿದ.
ಪಾವ ಇನ್ನೂ ಬಿಸಿ ಇತ್ತು.

ಮುಂದ ಒಂದಿನ ಮಗಳು ಕಸ್ತೂರಿ ಸಾಲಿಯಿಂದ ಬಂದು
ಪಾಟಿಚೀಲ ಇಳಸದನ ನಿಂತಳು.
ಆಕಿಗೂ ಯಾರೋ ಅಂದಿದ್ದರು.
ಆವತ್ತು ನಕ್ಕೆ ಅಂದರ ಸುಳ್ಳಾಗತೈತಿ.
ಲಾರಿ ಮರಿಗೆ ಹೋಗಿ ಅತ್ತೆ,
ಸೆರಗಿನ ತುಂಬ ಉಳ್ಳಾಗಡ್ಡಿ ವಾಸನಿ.
ಯಾರರ ಕೇಳಿದರ ಹೇಳಾಕ ಒಂದು ನೆವ ಇತ್ತು, ಅಷ್ಟ.

ರಾತ್ರಿ ಉಣ್ಣೂವಾಗ ಹುಡುಗಿ ಕೇಳಿದಳು:
'ಯವ್ವಾ, ಗಂಟಿ ಅಂದರ ಗುಡಿಯಾಗ ಇರತೈತಲ್ಲ, ಅದಲ್ಲೇನು?
ಅಜ್ಜನ ಎತ್ತಿನ ಕೊಳ್ಳಾಗಿಂದು?'
ಹೂಂ, ಅದ.
'ಮತ್ತ ಅದು ಬೈಗಳ ಹೆಂಗಾತು?'
ನನಗ ಹೇಳಾಕ ಬರಲಿಲ್ಲ.
ಆಕಿ ಚಮಚಾ ತಗೊಂಡು ಗಂಗಾಳಕ್ಕ ಬಡದಳು. ಟಣ್.
ನಾನೂ ನನ್ನ ಗಂಗಾಳಕ್ಕ ಬಡದೆ.
ಬಾಜೂ ಖೋಲಿಯವರು ಗ್ವಾಡಿ ಗುದ್ದಿದರು.
ಅವರ ತಾಳಕ್ಕೂ ಬಡದಿವಿ.
ಸಾರು ಚೆಲ್ಲಿತು. ಹೊಟ್ಟಿ ಹಿಡಕೊಂಡು ನಕ್ಕಿವಿ.

ಮತ್ತ ಶುಕ್ರವಾರ. ಬಿಳೇ ಛತ್ರಿ.
ಕೊತ್ತಂಬರಿ ಕೊಡು ಅಂದಳು, ಎಲಿ ಬಾಡ್ಯಾವ ಅಂದಳು,
ಆ ಮಾತೂ ಅಂದಳು.
ಐದರ ನಾಣ್ಯ ಒಗದಳು ನೋಡು,
ನೆಟ್ಟಗ ತಕ್ಕಡಿಯ ಹಿತ್ತಾಳಿ ಪರಡಿಗೆ ಬಿತ್ತು.
ಟಣ್!
ತಡಕೊಳ್ಳಾಕ ಆಗಲಿಲ್ಲ ನನಗ.
ಯಾಕ ನಗತೀ ಅಂತ ಕೊಂಕಣಿಯೊಳಗ ಗದರಿದಳು.
ಏನಿಲ್ಲ ಬಾಯಿ, ಅಂದೆ. ಇನ್ನೂ ನಗು ಬಂತು.

ಆಕೀನ್ನ ಕ್ಷಮಾ ಮಾಡೀನೇನು? ಗೊತ್ತಿಲ್ಲ.
ಕಟ್ಟು ಕಟ್ಟೂವಾಗ ಒಂದು ಎಸಳು ಕಡಿಮಿ ಮಾಡಲಿಲ್ಲ,
ಒಂದು ಎಸಳು ಹೆಚ್ಚೂ ಹಾಕಲಿಲ್ಲ.
ನಗು ಮಾತ್ರ ತೂಗಲಿಲ್ಲ,
ಅದು ಮಾರಾಟಕ್ಕ ಇಟ್ಟ ಮಾಲಲ್ಲ.

ಛತ್ರಿ ಮೀನಿನ ಸಾಲು ದಾಟಿದ ಮ್ಯಾಲೆ
ಪರಡಿಗೆ ಇನ್ನೊಮ್ಮೆ ಬೆರಳಿಲೆ ಹೊಡದೆ,
ಸುಮ್ಮನ, ನನ್ನ ಸಲುವಾಗಿ.
ಪಾವಿನ ಬುಟ್ಟಿಯಿಂದ ತಲಿ ಎತ್ತಿ ರುಜಾರಿ ಕೇಳಿದ:
'ಏನು ಲಗಮವ್ವಾ, ಸಾಲಿ ಬಿಟ್ಟಿತೇನು?'