ಎಲ್ಲ ಸರಿಯಿದೆಯಾ, ಮೇಡಂ?

ಡಂಡೀಯಲ್ಲಿ ಟೇ ನದಿಯ ಮಂಜು
ಐದಕ್ಕೇ ಅಂಗಡಿಗಳ ಕದ ಹಾಕಿಸುತ್ತದೆ.
ಸುರ್ಮಾ ತಂದೂರಿಯ ಬೋರ್ಡು ಮಾತ್ರ ಉರಿಯುತ್ತಿದೆ,
ಮೊದಲಕ್ಷರ ಆರಿ ಎಷ್ಟು ವರ್ಷವೋ.
ಅಡಿಯಲ್ಲಿ ಸಣ್ಣಗೆ: ೧೯೬೯ರಿಂದ.

ಡೂಗಲ್, ನೀನು ಹೋದ ಮೇಲೆ ಮೊದಲ ಸಲ
ನಮ್ಮ ಕಿಟಕಿ ಪಕ್ಕದ ಮೇಜು ಕೇಳಿದೆ.
ನಾಲ್ವರಿಗೆ ಕಾದಿರಿಸಿದೆ ಎಂದು
ಕೈ ತೊಳೆಯುವಲ್ಲಿ ಕೂರಿಸಿದರು.
ಆ ನಾಲ್ವರು ಕೊನೆಗೂ ಬರಲಿಲ್ಲ.

ಹಪ್ಪಳ ಮೆತ್ತಗಿತ್ತು.
ಮುರಿದರೆ ಸದ್ದಿಲ್ಲ; ಚರ್ಚಿನ ಕರಪತ್ರದ ಹಾಗೆ
ಮಡಚಿ ಚೀಲದಲ್ಲಿಡಬಹುದಿತ್ತು.
ಕೋಳಿಯ ಗೊಜ್ಜು ಕೆಂಪು,
ಹೊಸದಾಗಿ ಬಳಿದ ದೋಣಿಯ ಕೆಂಪು,
ಮತ್ತೆ ಸಿಹಿ,
ಹಲ್ಲಿನ ಡಾಕ್ಟರು ನೆನಪಾಗುವಷ್ಟು.

"ಎಲ್ಲ ಸರಿಯಿದೆಯಾ, ಮೇಡಂ?"
ಮೊಮ್ಮಗ ಜುನೇದ್, ಕಣ್ಣು ಫೋನಿನ ಮೇಲೆ.
"ತುಂಬ ಚೆನ್ನಾಗಿದೆ," ಅಂದೆ.
ನಮ್ಮೂರ ಚಾಳಿ ನಿನಗೆ ಗೊತ್ತಲ್ಲ:
ಹೆಣದ ಪಕ್ಕ ನಿಂತರೂ
ಹವೆ ಪರವಾಗಿಲ್ಲ ಅಂತೇವೆ.

ಎರಡನೇ ಸಲ ನಿನ್ನ ತಂಗಿ ಐಲೀನಳ ಎಪ್ಪತ್ತು.
ನಾನೇ ಹಟ ಮಾಡಿ ಕರೆದುಕೊಂಡು ಹೋದೆ.
ಒಂದು ಗಂಟೆ ಹತ್ತು ನಿಮಿಷ ಕಾದು
ಬಂದ ನಾನ್ ತಣ್ಣಗೆ, ಚರ್ಮದ ಹಾಗೆ.
ಕೇಳದ ಉಪ್ಪಿನಕಾಯಿಗೆ ಮೂರು ಪೌಂಡು.
"ಇದನ್ನೇನಾ ನೀವಿಬ್ಬರೂ ಹೊಗಳುತ್ತಿದ್ದದ್ದು?"
ಕುಡುಕ ಗಂಡನ ಪರ ವಹಿಸುವವಳ ಹಾಗೆ
ಇವತ್ತೇನೋ ಅಡುಗೆಯವನಿಗೆ ಮೈ ಸರಿಯಿಲ್ಲ ಅಂದೆ.

ರಾತ್ರಿ ಮಲಗಿ ನೆನೆದೆ.
ಮಿಲ್ಲಿನ ಶುಕ್ರವಾರಗಳು, ಕೂಲಿ ಲಕೋಟೆ ಕಿಸೆಯಲ್ಲಿ,
ಕೂದಲಲ್ಲಿ ಸೆಣಬಿನ ದೂಳು.
ಮೊದಲ ತುತ್ತಿಗೇ ನಾನು ಅತ್ತದ್ದು,
ಮುಸಬ್ಬಿರ್ ಮಿಯಾ ಹಾಲಿನ ಲೋಟ ಹಿಡಿದು ಓಡಿಬಂದದ್ದು,
ನೀನು ಮೇಜು ಬಡಿದು ನಕ್ಕದ್ದು.
ಅವರೂರ ಸೆಣಬು ನಮ್ಮ ಶ್ವಾಸಕೋಶದಲ್ಲಿ,
ನಮ್ಮೂರ ಮಂಜು ಅವರ ಮೂಳೆಯಲ್ಲಿ.
ಲೆಕ್ಕ ಯಾರೂ ಬರೆದಿಡಲಿಲ್ಲ.

ಮೂರನೇ ಸಲ ಸಿದ್ಧಳಾಗಿ ಹೋದೆ.
ಕರೆಂಟು ಬಿಲ್ಲಿನ ಲಕೋಟೆ ಹಿಂದೆ ದೂರಿನ ಪಟ್ಟಿ:
ಹಪ್ಪಳ. ನಾನ್. ಸಕ್ಕರೆ. ಮೇಜು.
ಫೆಬ್ರವರಿಯ ಮಂಗಳವಾರ, ನಾನೊಬ್ಬಳೇ ಗಿರಾಕಿ.

ಆಗ ಬಂತು ಆ ವಾಸನೆ.
ಒಣಮೀನು, ಹಸಿಮೆಣಸು, ಮತ್ತೊಂದು ಹುಳಿ,
ನಿಂಬೆಯಲ್ಲ, ಕಿತ್ತಳೆಯಲ್ಲ, ಎರಡಕ್ಕೂ ಅಣ್ಣನಂಥದ್ದು.
ಕಿವಿ ಹಿಡಿದೆಳೆದ ಹಾಗೆ ಎದ್ದು ಹೋದೆ.
ಅಡುಗೆಮನೆಯ ಅರ್ಧ ಪರದೆಯ ಹಿಂದೆ
ಮುಸಬ್ಬಿರ್ ಮಿಯಾ, ಎಂಬತ್ತು ದಾಟಿದವರು,
ನೆಗ್ಗಿದ ಬಟ್ಟಲು, ಬಿಸಿ ಅನ್ನ,
ಐದೂ ಬೆರಳಲ್ಲಿ ಉಣ್ಣುತ್ತಿದ್ದರು.

"ಅದೇನು?"
"ಇದು ಮನೆಯದು."
"ಪಟ್ಟಿಯಲ್ಲಿ ಯಾಕಿಲ್ಲ?"

ಬೆರಳು ನೆಕ್ಕಿಕೊಂಡು ಹೇಳಿದರು:
"ಇತ್ತು, ಎಫೀ. ಅಂಗಡಿ ತೆರೆದ ಮೊದಲ ವಾರ.
ಮೂಗು ಮುಚ್ಚಿಕೊಂಡು ಓಡಿದಿರಿ ನೀವೆಲ್ಲ.
ಆಮೇಲೆ ಸಕ್ಕರೆ ಹಾಕಿದೆ.
ಯಾರೂ ಸಾಕು ಅನ್ನಲಿಲ್ಲ,
ವರ್ಷಕ್ಕೊಂದು ಚಮಚ ಹೆಚ್ಚಿಸುತ್ತ ಬಂದೆ."

ಕೊಡುತ್ತಾರೇನೋ ಅಂತ ನಿಂತೆ.
ಬಟ್ಟಲನ್ನು ಚೂರು ತಮ್ಮ ಕಡೆಗೇ ಎಳೆದುಕೊಂಡರು.

ಲಕೋಟೆ ಕೈಯಲ್ಲೇ ಇತ್ತು.
"ಹಪ್ಪಳ ಮೆತ್ತಗಿದೆ," ಅಂದೆ. ಅಷ್ಟೇ ಬಂತು ಬಾಯಿಗೆ.
ಅವರು ನಕ್ಕರು, ಕೆಮ್ಮುವ ತನಕ.
"ಇಪ್ಪತ್ತು ವರ್ಷದಿಂದ ಮೆತ್ತಗಿದೆ,
ನೀವೇ ಮೊದಲು ಹೇಳಿದ್ದು."

ಹಣ ಕೊಟ್ಟೆ. ಚಿಲ್ಲರೆ ಎಣಿಸಿ ತೆಗೆದುಕೊಂಡೆ.
ಕೋಟಿಗೆ ಮೀನಿನ ವಾಸನೆ ಹತ್ತಿತ್ತು,
ನಾಲ್ಕು ದಿನ ಅದನ್ನು ಗಾಳಿಗೆ ಹಾಕಲಿಲ್ಲ.
ಊಟ ಮಾತ್ರ, ಡೂಗಲ್, ಸುಳ್ಳು ಯಾಕೆ,
ಅವತ್ತೂ ಕೆಟ್ಟದಾಗಿಯೇ ಇತ್ತು.