ಎಡಗಡೆ ಹನ್ನೊಂದನೇ ಬೆಂಚು

ನಮ್ಮೂರ ಸಭೆಗೆ ಇದ್ದದ್ದು ಒಂದೇ ಬಾಗಿಲು.
ಒಳಗೆ ಯಾರಿದ್ದಾರೆ, ಯಾರಿನ್ನೂ ಬಂದಿಲ್ಲ
ಹೊಸ್ತಿಲಾಚೆ ಚಪ್ಪಲಿ ನೋಡಿದರೆ ತಿಳಿಯುತ್ತಿತ್ತು.
ಹೆಬ್ಬೆರಳ ಹತ್ತಿರ ಸವೆದದ್ದು ಮನಶ್ಶೆಯಣ್ಣನದು,
ಉಂಗುಷ್ಟಕ್ಕೆ ಪಿನ್ನು ಚುಚ್ಚಿದ್ದು ನನ್ನದು.

ಕೋಲಾರದಲ್ಲಿ ಬಾಗಿಲು ಐದು.
ಯಾವುದರಲ್ಲಿ ಹೋಗಬೇಕೋ ತೋಚದೆ
ಮೊದಲ ಭಾನುವಾರ ಸ್ಕೂಟರುಗಳ ಸಾಲಿನ ಪಕ್ಕ
ಗಂಟೆ ಹೊಡೆದು ಮುಗಿಯುವವರೆಗೂ ನಿಂತೆ.
ಎಲ್ಲರೂ ಬೂಟು ಹಾಕಿಕೊಂಡೇ ಒಳಗೆ ಹೋದರು.
ನಾನು ಬಿಟ್ಟೆ.
ಆರಾಧನೆ ಮುಗಿಸಿ ಬಂದಾಗ ಅಲ್ಲೇ ಇತ್ತು,
ಅಷ್ಟು ದೊಡ್ಡ ಮೆಟ್ಟಿಲ ಮೇಲೆ
ಒಂಟಿ ಜೊತೆ.

ಆಸ್ಪತ್ರೆಯಲ್ಲಿ ಆಯಾ ಕೆಲಸ ಸಿಕ್ಕಿತೆಂದಾಗ
ಊರ ಅಯ್ಯನವರು ಕಾಗದ ಬರೆದುಕೊಟ್ಟಿದ್ದರು:
‘ಸಹೋದರಿ ಸುಲೋಚನ ನಂಬಿಗಸ್ತಳು,
ಹದಿನಾಲ್ಕು ವರ್ಷ ಸಭೆಯ ಕಸ ಗುಡಿಸಿದ್ದಾಳೆ,
ದಯವಿಟ್ಟು ಸೇರಿಸಿಕೊಳ್ಳಿ.’
ಕಿಟಕಿಯಾಚೆಯ ಹುಡುಗ ಕಂಪ್ಯೂಟರಿಗೆ ಹೊಡೆದುಕೊಂಡು
ನಂಬರು ಹೇಳಿದ: ಆರುನೂರ ಹದಿನೇಳು.
ಕಾಗದ ವಾಪಸು ಕೊಟ್ಟ.
ಹದಿನಾಲ್ಕು ವರ್ಷಕ್ಕೆ ಅಲ್ಲಿ ಕಾಲಂ ಇರಲಿಲ್ಲ.

ಅಯ್ಯನವರ ಬಾಯಿ ಅಲ್ಲಾಡುವುದು ಅಲ್ಲಿ, ದೂರ,
ಮಾತು ಬರುವುದು ನನ್ನ ಪಕ್ಕದ ಕಂಬದಿಂದ.
ಯಾರ ಮುಖ ನೋಡಿ ಆಮೆನ್ ಅನ್ನಲಿ?
ಕಂಬಕ್ಕೇ ಅಂದೆ.

ಎರಡನೇ ವಾರ ಮುಂದೆ ಹೋಗಿ ಕೂತೆ.
ಕನ್ನಡಕದ ಡಬ್ಬಿ ಹಿಡಿದ ಹೆಂಗಸು ಬಗ್ಗಿ,
‘ಇದು ರಾಜರತ್ನಮ್ಮನವರ ಜಾಗ’ ಅಂದರು.
ಎದ್ದೆ. ಆಮೇಲೆ ತಿಳಿಯಿತು,
ರಾಜರತ್ನಮ್ಮ ತೀರಿಕೊಂಡು ಎರಡು ವರ್ಷ.
ಸಿಟ್ಟು ಬರಬೇಕಿತ್ತು,
ಬಂದದ್ದು ಹೊಟ್ಟೆಕಿಚ್ಚು.

ಹಾಗೆ ಸಿಕ್ಕಿತು ಈ ಬೆಂಚು. ಕಂಬದ ಮರೆ.
ಫ್ಯಾನಿನ ಗಾಳಿ ಅರ್ಧ ಬಂದು ತಿರುಗಿಹೋಗುತ್ತದೆ.
ಕಿಟಕಿಯಲ್ಲಿ ಅಂತರಗಂಗೆ ಬೆಟ್ಟದ ಒಂದು ತುಂಡು.
ನಮ್ಮಲ್ಲಿ ಕೀರ್ತನೆ ಕನ್ನಡದಲ್ಲಿ ಎದ್ದು
ಎರಡನೇ ಚರಣಕ್ಕೆ ತೆಲುಗಿಗೆ ಜಾರುತ್ತಿತ್ತು,
ಜಾರಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ.
ಇಲ್ಲಿ ನಾನೊಬ್ಬಳೇ ಜಾರಿದೆ.
ಮುಂದಿನ ಮೂರು ಜಡೆ ತಿರುಗಿದವು.

ಸುಗ್ಗಿಯ ಹಬ್ಬಕ್ಕೆ ಸೋರೆಕಾಯಿ ಒಯ್ದೆ.
ಬಾಡಿಗೆ ಮನೆಯ ಶೀಟಿನ ಮೇಲೆ ಬಿಟ್ಟದ್ದು,
ಬೀಜ ಮನಶ್ಶೆಯಣ್ಣನ ಹೆಂಡತಿ ಸೆರಗಿಗೆ ಕಟ್ಟಿದ್ದು.
ಮೇಜಿನ ಮೇಲೆ ಟೊಮೆಟೊ ಕ್ರೇಟು, ಕೇಕು,
ಕಾಲು ಕಟ್ಟಿದ ಕೋಳಿ, ಮಾವಿನ ಉಪ್ಪಿನಕಾಯಿ ಜಾಡಿ.
ನಡುವೆ ಅದು, ಹೆಸರಿನ ಚೀಟಿಯಿಲ್ಲದೆ,
ನಂಟರ ಮದುವೆಗೆ ಕರೆಯದೆ ಬಂದವರ ಹಾಗೆ.

ಹರಾಜು ಕೂಗುವ ಮೇಷ್ಟ್ರು ಎತ್ತಿ ಹಿಡಿದರು:
‘ಸೋರೆಕಾಯಿ! ಯಾರದಪ್ಪಾ ಇದು?’
ಇಷ್ಟು ದೊಡ್ಡ ಅಂಗಳ, ಇಷ್ಟು ಜನ.
ನನ್ನ ನಾಲಿಗೆ ಮೇಲಕ್ಕೇಳಲಿಲ್ಲ.
‘ಯಾರದೂ ಅಲ್ಲವೋ?’
ಎಲ್ಲರೂ ನಕ್ಕರು. ನಾನೂ ನಕ್ಕೆ, ಹೇಗೆ ನಕ್ಕೆನೋ.

ಆಗ ಕನ್ನಡಕದ ಡಬ್ಬಿ ಮೇಲಕ್ಕೆದ್ದಿತು:
‘ಎಡಗಡೆ ಹನ್ನೊಂದನೇ ಬೆಂಚಿನವಳದು, ಮೇಷ್ಟ್ರೇ.
ಆ ತೆಲುಗು ಹಾಡ್ತಾಳಲ್ಲ, ಅವಳದು.
ಎಪ್ಪತ್ತು ನನ್ನದು.’
ಹಿಂದಿನಿಂದ ಯಾರೋ ಎಂಬತ್ತು ಅಂದರು.
‘ನೂರ ಹತ್ತು,’ ಅಂದರು ಆಕೆ, ಜಗಳದ ದನಿಯಲ್ಲಿ.

ಮುಂದಿನ ವಾರ ಮೆಟ್ಟಿಲಲ್ಲೇ ಹಿಡಿದರು:
‘ನೂರ ಹತ್ತು ಕೊಟ್ಟೆ, ನಿನ್ನ ಕಾಯಿ ಬಲಿತಿತ್ತು,
ಎಷ್ಟು ಬೇಯಿಸಿದರೂ ಬೇಯಲಿಲ್ಲ ನೋಡು!’
ಹಾಗೆ ಬೈದವರಿಲ್ಲ ಈ ಊರಲ್ಲಿ ಇನ್ನೂ.
ಮನೆಗೆ ಬಂದು ಎರಡು ಮುದ್ದೆ ಉಂಡೆ.

ಚಪ್ಪಲಿ ಈಗಲೂ ಹೊರಗೇ ಬಿಡುತ್ತೇನೆ.
ಈಚೆಗೆ ಅದರ ಪಕ್ಕ ಇನ್ನೊಂದು ಜೊತೆ ಇರುತ್ತದೆ,
ನೀಲಿ ಪಟ್ಟಿ, ಎಡಗಾಲ ಹಿಮ್ಮಡಿ ಸವೆದದ್ದು.
ಒಳಗೆ ಕೂತು ಎಲ್ಲರ ನಡಿಗೆ ನೋಡುತ್ತೇನೆ.
ಇನ್ನೂ ಸಿಕ್ಕಿಲ್ಲ.